ಪುಲ್ಲಿಯ ಸದ್ದಿಗೆ ಇಡೀ ಡೈನಮೋ ಯಾಕೆ ಬದಲಿಸಬೇಕು?

ನಮಸ್ಕಾರ. ಹತ್ತು ಹದಿನೈದು ವರ್ಷದ ಹಳೇ ಕಾರು ಇಟ್ಟುಕೊಂಡವರ ಹತ್ತಿರ ಇವತ್ತು ಮಾತಾಡಬೇಕು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಕಿರ್ರ್ ಅಂತ ಸದ್ದು. ಇಲ್ಲವೇ ಗರಗರ ಅಂತ ಕಲ್ಲು ಉಜ್ಜಿದಂಥ ಸದ್ದು. ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತಿ, ಎರಡು ನಿಮಿಷ ಕೇಳಿ, "ಡೈನಮೋ ಹೋಗ್ಯದ ರೀ, ಹೊಸಾದೇ ಹಾಕ್ಬೇಕು" ಅನ್ನುತ್ತಾರೆ. ನಾವೂ ತಲೆ ಅಲ್ಲಾಡಿಸುತ್ತೇವೆ. ಸಾವಿರಗಟ್ಟಲೆ ಖರ್ಚು.

ನನ್ನ ಮಾತು ನೇರವಾಗಿ ಹೇಳಿಬಿಡುತ್ತೇನೆ. ಬೆಲ್ಟ್ ಬಿಚ್ಚಿ, ಪುಲ್ಲಿಗಳನ್ನು, ಅಂದರೆ ಬೆಲ್ಟ್ ಸುತ್ತುವ ಗಾಲಿಗಳನ್ನು, ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡದೆ ಯಾವ ಮಿಸ್ತ್ರಿಯೂ ಆ ತೀರ್ಪು ಕೊಡಬಾರದು. ಹಾಗೆ ಕೂತು ನೋಡಿದ ಮಿಸ್ತ್ರಿಗೆ, ಏನೂ ಬದಲಿಸದಿದ್ದರೂ, ನಾವು ದುಡ್ಡು ಕೊಡಬೇಕು. ಎರಡೂ ಸೇರಿದರೇನೇ ಈ ತೊಂದರೆ ನಿಲ್ಲುವುದು.

ಮೊದಲು ಅಲ್ಲಿ ನಡೆಯುವುದೇನು ನೋಡೋಣ. ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಪುಲ್ಲಿ ಬೆಲ್ಟ್ ಮೂಲಕ ಆಲ್ಟರ್ನೇಟರನ್ನು, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಯಂತ್ರವನ್ನು, ತಿರುಗಿಸುತ್ತದೆ. ನಮ್ಮ ಕಡೆ ಇವತ್ತಿಗೂ ಅದನ್ನು ಡೈನಮೋ ಅಂತಲೇ ಕರೆಯುತ್ತಾರೆ. ಅದರ ಪುಲ್ಲಿ ಚಿಕ್ಕದು. ಹಾಗಾಗಿ ಎಂಜಿನ್ನಿಗಿಂತ ಎರಡೂವರೆ, ಮೂರು ಪಟ್ಟು ಜೋರಾಗಿ ಸುತ್ತುತ್ತದೆ. ಗಾಡಿ ನಿಂತಲ್ಲೇ 800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 800 ಸುತ್ತು) ಓಡುತ್ತಿದ್ದರೆ ಆಲ್ಟರ್ನೇಟರ್ 2000 ದಾಟಿರುತ್ತದೆ.

ಆದರೆ ಕ್ರ್ಯಾಂಕ್ ಒಂದೇ ಸಮ ತಿರುಗುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿದು ಅದನ್ನು ತಳ್ಳುತ್ತದೆ. 800 ಆರ್‌ಪಿಎಂ ಅಂದರೆ ಸೆಕೆಂಡಿಗೆ 26-27 ಏಟು. ಡೀಸೆಲ್ ಆದರೆ ಒಂದೊಂದು ಏಟೂ ಇನ್ನೂ ಬಿರುಸು. ಏಟು ಬಿದ್ದಾಗ ವೇಗ, ಮುಂದಿನ ಏಟಿಗೆ ಮುಂಚೆ ನಿಧಾನ. ಆಲ್ಟರ್ನೇಟರ್ ಒಳಗೆ ತಿರುಗುವ ಭಾಗ, ರೋಟರ್, ಭಾರವಾದದ್ದು, ಅಷ್ಟು ಬೇಗ ನಿಧಾನ ಆಗುವುದಿಲ್ಲ. ಆ ಎಳೆದಾಟವೆಲ್ಲ ಬೆಲ್ಟಿನ ಮೇಲೆ ಬೀಳುತ್ತದೆ.

ಅದಕ್ಕಾಗಿಯೇ ಅನೇಕ ಡೀಸೆಲ್ ಕಾರುಗಳಲ್ಲಿ, ಕೆಲವು ಪೆಟ್ರೋಲ್ ಕಾರುಗಳಲ್ಲೂ, ಒಳಗೆ ಕ್ಲಚ್ ಇರುವ ಪುಲ್ಲಿ ಹಾಕಿರುತ್ತಾರೆ. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ಒಂದು ಕಡೆಗೆ ಹಿಡಿದು ತಿರುಗಿಸುತ್ತದೆ, ಇನ್ನೊಂದು ಕಡೆಗೆ ಬಿಟ್ಟುಬಿಡುತ್ತದೆ. ಎಂಜಿನ್ ನಿಧಾನ ಆದರೂ ರೋಟರ್ ತನ್ನ ಪಾಡಿಗೆ ಸುತ್ತುತ್ತದೆ, ಬೆಲ್ಟಿಗೆ ಜಗ್ಗಾಟ ಇಲ್ಲ. ಕೆಲವು ಪುಲ್ಲಿಗಳಲ್ಲಿ ಕ್ಲಚ್ ಜೊತೆ ಸ್ಪ್ರಿಂಗೂ ಇರುತ್ತದೆ. ಮಾರುತಿ 800ರಂಥ ಹಳೇ ಗಾಡಿಯಲ್ಲಿ ಇದೇನೂ ಇಲ್ಲ. ಸಾದಾ ಗಟ್ಟಿ ಪುಲ್ಲಿ, ಸಾದಾ ವಿ ಬೆಲ್ಟ್.

ಈ ಕ್ಲಚ್ ಪುಲ್ಲಿಗೆ ದೊಡ್ಡ ಶತ್ರು ಧೂಳು ಮತ್ತು ನೀರು. ಕಲಬುರಗಿ ಜಿಲ್ಲೆಯಲ್ಲಿ ಧೂಳಿಗೇನು ಕಮ್ಮಿ ಹೇಳಿ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಲಾರಿಗಳು. ಶಹಾಬಾದ್ ಕಡೆ ಕಲ್ಲಿನ ಪುಡಿ. ತೊಗರಿ ರಾಶಿಯ ದಿನಗಳಲ್ಲಿ ಹಳ್ಳಿ ರಸ್ತೆ ತುಂಬ ಹೊಟ್ಟು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲು. ಬೇರಿಂಗಿನ ಗ್ರೀಸ್ ಬೇರೆ ಊರಿಗಿಂತ ಇಲ್ಲಿ ಬೇಗ ಸಾಯುತ್ತದೆ ಅಂತ ನಾನು ನಂಬಿದ್ದೇನೆ. ಪುಲ್ಲಿಯ ಮುಂದೆ ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಒಳಗೆ ಧೂಳು, ನೀರು ಹೋಗದಂತೆ ಅದು ತಡೆಯುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು ಬಿದ್ದುಹೋಗಿರುತ್ತದೆ. ಅದರ ಮೇಲೆ ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ನೀರನ್ನು ನೇರ ಅಲ್ಲಿಗೇ ಬಿಡುತ್ತಾರೆ. ದಯವಿಟ್ಟು ಹಾಗೆ ಬಿಡಲು ಕೊಡಬೇಡಿ. ಗಾಡಿ ಪಕ್ಕ ನಿಂತು, "ಡೈನಮೋ ಕಡಿ ಬ್ಯಾಡ ಅಣ್ಣಾ" ಅನ್ನಿ.

ಈಗ ಪತ್ತೆ ಹಚ್ಚುವ ಕೆಲಸ. ಕಿರ್ರ್ ಅನ್ನುವ ಸದ್ದಾದರೆ ಮೊದಲು ಬೆಲ್ಟ್ ಮೇಲೆ ಅನುಮಾನ ಪಡಬೇಕು. ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಗೆರೆ ಇರುವ ಬದಿಗೆ ಸ್ಪ್ರೇ ಬಾಟಲಿಯಿಂದ ದೂರ ನಿಂತು ಸ್ವಲ್ಪ ನೀರು ಹೊಡೆಯಿರಿ. ಲುಂಗಿ, ಶಲ್ಯ, ದುಪಟ್ಟಾ ಹಾಕಿಕೊಂಡು ಹತ್ತಿರ ಹೋಗಲೇಬೇಡಿ. ನೀರು ಬಿದ್ದ ತಕ್ಷಣ ಸದ್ದು ಜಾಸ್ತಿ ಆದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಕೆಲವು ಸೆಕೆಂಡ್ ಸದ್ದು ನಿಂತು ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿರಬಹುದು. ನೀರಿಗೆ ಏನೂ ವ್ಯತ್ಯಾಸ ಆಗದಿದ್ದರೆ ಬೇರಿಂಗ್ ಕಡೆ ನೋಡಿ.

ಇನ್ನೊಂದು ಮಾತು. ಬೆಲ್ಟ್ ಸೀಳಿಲ್ಲ, ಹಾಗಾಗಿ ಚೆನ್ನಾಗಿದೆ ಅನ್ನುವುದು ಹಳೇ ಕಾಲದ ಲೆಕ್ಕ. ಈಗಿನ ಬೆಲ್ಟಿನ ರಬ್ಬರ್ ಸುಲಭಕ್ಕೆ ಸೀಳುವುದಿಲ್ಲ, ಸವೆಯುತ್ತದೆ. ಗೆರೆಗಳು ಸವೆದು ಆಳ ಕಳೆದುಕೊಂಡಿರುತ್ತವೆ, ಕಣ್ಣಿಗೆ ಹೊಸದರ ಹಾಗೇ ಕಾಣುತ್ತದೆ. ಸೋಪು, ಗ್ರೀಸ್, ಎಣ್ಣೆ ಹಚ್ಚಿ ಸದ್ದು ನಿಲ್ಲಿಸುವವರಿದ್ದಾರೆ. ಅದು ರಿಪೇರಿ ಅಲ್ಲ. ಎರಡು ದಿನ ಸುಮ್ನಿದ್ದು ಮತ್ತೆ ಕೂಗುತ್ತದೆ, ಅಷ್ಟರಲ್ಲಿ ಬೆಲ್ಟೂ ಹಾಳು.

ಗರಗರ ಸದ್ದಾದರೆ ಎಂಜಿನ್ ಆಫ್ ಮಾಡಿ, ಚಾವಿ ತೆಗೆದು ಬೆಲ್ಟ್ ಬಿಚ್ಚಿ. ಬಿಚ್ಚುವ ಮುಂಚೆ ಅದು ಯಾವ ಪುಲ್ಲಿ ಸುತ್ತ ಹೇಗೆ ಹೋಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬೆಲ್ಟ್ ಇಲ್ಲದೆ ಕೆಲವೇ ಸೆಕೆಂಡ್ ಎಂಜಿನ್ ಓಡಿಸಿ ನೋಡಬಹುದು. ಹೆಚ್ಚು ಹೊತ್ತು ಬೇಡ, ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿರಬಹುದು. ಸದ್ದು ಮಾಯವಾದರೆ ಕಳ್ಳ ಬೆಲ್ಟಿನ ದಾರಿಯಲ್ಲೇ ಇದ್ದಾನೆ. ಎಂಜಿನ್ ಆಫ್ ಮಾಡಿ ಒಂದೊಂದೇ ಪುಲ್ಲಿ ತಿರುಗಿಸಿ: ಟೆನ್ಷನರ್ (ಬೆಲ್ಟ್ ಬಿಗಿ ಇಡುವುದು), ಐಡ್ಲರ್ (ಬೆಲ್ಟಿಗೆ ದಾರಿ ತೋರಿಸುವ ಗಾಲಿ), ವಾಟರ್ ಪಂಪ್, ಎಸಿ ಕಂಪ್ರೆಸರ್. ಬೆರಳಿಗೆ ಮರಳಿನ ಹಾಗೆ ತಾಗಿದರೆ, ಅಲ್ಲಾಡಿದರೆ, ಬೇರಿಂಗ್ ಹೋಗಿದೆ. ಎಷ್ಟೋ ಸಲ ಐಡ್ಲರಿನ ಸಣ್ಣ ಬೇರಿಂಗ್ ಮಾಡಿದ ತಪ್ಪಿಗೆ ಆಲ್ಟರ್ನೇಟರ್ ಶಿಕ್ಷೆ ಅನುಭವಿಸುತ್ತದೆ.

ಕೊನೆಗೆ ಆಲ್ಟರ್ನೇಟರ್ ಪುಲ್ಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ, ಯಾಕೆಂದರೆ ಆಲ್ಟರ್ನೇಟರಿನ ದಪ್ಪ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಒಳಗಿನ ರೋಟರನ್ನು ತಿರುಗದಂತೆ ಮೆಲ್ಲಗೆ ತಡೆದು ಪುಲ್ಲಿಯನ್ನು ಎರಡೂ ಕಡೆ ತಿರುಗಿಸಿ. ಕ್ಲಚ್ ಪುಲ್ಲಿ ಆರೋಗ್ಯವಾಗಿದ್ದರೆ ಒಂದು ಕಡೆ ನುಣ್ಣಗೆ ತಿರುಗುತ್ತದೆ, ಇನ್ನೊಂದು ಕಡೆ ಹಿಡಿಯುತ್ತದೆ. ಸ್ಪ್ರಿಂಗ್ ಇರುವುದಾದರೆ ಹಿಡಿಯುವ ಕಡೆಗೆ ಸ್ವಲ್ಪ ಬಾಗಿ ವಾಪಸ್ ತಳ್ಳುತ್ತದೆ. ಎರಡೂ ಕಡೆ ಹಿಡಿದರೆ ಒಳಗೆ ಜಾಮ್ ಆಗಿದೆ. ಅಂಥ ಗಾಡಿಯಲ್ಲಿ ಬೆಲ್ಟ್ ಪಟಪಟ ಬಡಿಯುತ್ತದೆ, ಟೆನ್ಷನರ್ ತೋಳು ನಿಲ್ಲದೆ ನಡುಗುತ್ತದೆ. ಎರಡೂ ಕಡೆ ಸುಮ್ನೆ ತಿರುಗಿದರೆ ಕ್ಲಚ್ ಸತ್ತಿದೆ, ಚಾರ್ಜಿಂಗೂ ಆಗುವುದಿಲ್ಲ. ಪುಲ್ಲಿ ಸರಿ ಇದ್ದು, ರೋಟರ್ ಸಮೇತ ತಿರುಗಿಸಿದಾಗ ಗರಗರ ಅಂದರೆ ಆಲ್ಟರ್ನೇಟರಿನ ಬೇರಿಂಗ್ ಹೋಗಿದೆ.

ನೋಡಿ, ಇಷ್ಟು ಪತ್ತೆಗೆ ಬೇಕಾದದ್ದು ಒಂದಿಷ್ಟು ಪಾನಾ ಮತ್ತು ತಾಳ್ಮೆ.

ಪುಲ್ಲಿ ಮಾತ್ರ ಹೋಗಿದ್ದರೆ ಪುಲ್ಲಿ ಬದಲಿಸಿ. ಕ್ಲಚ್ ಪುಲ್ಲಿ ಬಿಚ್ಚಲು ಬೇರೆಯದೇ ಸಾಕೆಟ್ ಇದೆ. ಸಾಮಾನ್ಯವಾಗಿ 33 ಹಲ್ಲಿನದು, ನಡುವೆ ಶಾಫ್ಟ್ ಹಿಡಿಯಲು ಇನ್ನೊಂದು ಬಿಟ್. ಅದಿಲ್ಲದೆ ಪೈಪ್ ಪಾನಾ ಹಾಕಿ ಪುಲ್ಲಿಯ ಗೆರೆ ಕಚ್ಚಿ ತಿರುಗಿಸುವವರನ್ನು ತಡೆಯಿರಿ. ಬೇರಿಂಗ್ ಹೋಗಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿ. ಬೇರಿಂಗಿನ ಮೇಲೇ ನಂಬರ್ ಬರೆದಿರುತ್ತದೆ. ಉದಾಹರಣೆಗೆ 6303 ಅಂದರೆ ಒಳಗೆ 17, ಹೊರಗೆ 47, ದಪ್ಪ 14 ಮಿಲಿಮೀಟರ್. ಅದೇ ನಂಬರಿನ, ಎರಡೂ ಕಡೆ ಸೀಲ್ ಇರುವ ಒಳ್ಳೇ ಕಂಪನಿಯದನ್ನು ತನ್ನಿ. ಹೇಗೂ ಬಿಚ್ಚಿದ ಮೇಲೆ ಕಾರ್ಬನ್ (ರೋಟರಿಗೆ ಕರೆಂಟ್ ಕೊಡುವ ಬ್ರಷ್) ಎಷ್ಟು ಸವೆದಿದೆ ನೋಡಿಸಿ, ಅದರ ಬೆಲೆ ಜಾಸ್ತಿ ಏನಲ್ಲ.

ನನಗೆ ನಿಜವಾಗಿ ಸಂಕಟ ಆಗುವ ಎರಡು ಕೆಲಸ ಇವೆ. ಒಂದು, ಸತ್ತ ಕ್ಲಚ್ ಪುಲ್ಲಿಗೆ ವೆಲ್ಡಿಂಗ್ ಹೊಡೆದು ಗಟ್ಟಿ ಮಾಡುವುದು, ಇಲ್ಲವೇ ಅದರ ಜಾಗಕ್ಕೆ ಗಟ್ಟಿ ಪುಲ್ಲಿ ಹಾಕುವುದು. ಗಾಡಿ ಓಡುತ್ತದೆ, ನಿಜ. ಆದರೆ ಪುಲ್ಲಿ ನುಂಗುತ್ತಿದ್ದ ಏಟನ್ನು ಇನ್ನು ಬೆಲ್ಟ್ ಮತ್ತು ಟೆನ್ಷನರ್ ತಿನ್ನಬೇಕು. ಉಳಿಸಿದ ದುಡ್ಡು ಅಲ್ಲಿ ಹೋಗುತ್ತದೆ. ಎರಡನೆಯದು ಇನ್ನೂ ಅಪಾಯ. ಡೈನಮೋ ಟೆಸ್ಟ್ ಅಂತ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ನೋಡುವುದು. ಆಲ್ಟರ್ನೇಟರ್ ಬರುವ ಮುಂಚಿನ, ನಿಜವಾದ ಡೈನಮೋ ಕಾಲದಲ್ಲಿ ನಡೆಯಿತು. ಈಗ ಆ ಕ್ಷಣದಲ್ಲಿ ವೋಲ್ಟೇಜ್ ಜಿಗಿದು ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಸುಟ್ಟುಹೋಗಬಹುದು. ನಿಮ್ಮ ಗಾಡಿಗೆ ಯಾರಾದರೂ ಹಾಗೆ ಮಾಡಲು ಹೋದರೆ ಕೈ ಹಿಡಿದು ನಿಲ್ಲಿಸಿ. ಮಲ್ಟಿಮೀಟರ್ ಹಚ್ಚಲು ಹೇಳಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಸುತ್ತಮುತ್ತ, ಎಂಜಿನ್ ಓಡುವಾಗ ಹೆಚ್ಚಿನ ಹಳೇ ಗಾಡಿಗಳಲ್ಲಿ 13.8ರಿಂದ 14.5. ಹೆಡ್‌ಲೈಟ್, ಎಸಿ ಹಾಕಿದರೂ 13ರ ಮೇಲೆಯೇ ನಿಲ್ಲಬೇಕು. ಚಾರ್ಜಿಂಗ್ ಸರಿ ಇದ್ದು ಸದ್ದು ಮಾತ್ರ ಇದ್ದರೆ, ಇಡೀ ಆಲ್ಟರ್ನೇಟರ್ ಬದಲಿಸಲು ಕಾರಣವೇ ಇಲ್ಲ.

ಈಗ ದುಡ್ಡಿನ ಮಾತು. ನಮ್ಮ ಮಿಸ್ತ್ರಿಗಳಿಗೆ ಇದೆಲ್ಲ ಗೊತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಸ್ಕ್ರೂಡ್ರೈವರಿನ ತುದಿ ಆಲ್ಟರ್ನೇಟರಿಗೆ ಇಟ್ಟು ಹಿಡಿಗೆ ಕಿವಿ ಹಚ್ಚಿ ಯಾವ ಬೇರಿಂಗ್ ಅಂತ ಹೇಳುವ ಉಸ್ತಾದರು ನಮ್ಮ ಊರಲ್ಲಿದ್ದಾರೆ. ಆದರೆ ಅವರು ಒಂದು ತಾಸು ಕೂತು ಹುಡುಕಿ, "ಟೆನ್ಷನರ್ ಬಿಗಿ ಮಾಡಿದೆ, ಸರಿ ಆಯ್ತು" ಅಂದರೆ ನಾವೇನು ಕೊಡುತ್ತೇವೆ? ಚಹಾದ ದುಡ್ಡು. ಅದೇ ದೊಡ್ಡ ಪಾರ್ಟ್ ಬದಲಿಸಿದರೆ ಮರುಮಾತಿಲ್ಲದೆ ಕೊಡುತ್ತೇವೆ. ಹುಡುಕುವ ತಾಸಿಗೆ ಕೂಲಿ ಇಲ್ಲ ಅಂದರೆ ಅವರೂ ಹೊಟ್ಟೆಪಾಡು ನೋಡಬೇಕಲ್ವಾ? ನಾವು ಪಾರ್ಟಿಗೆ ಮಾತ್ರ ಬೆಲೆ ಕೊಡುವವರೆಗೆ ಪಾರ್ಟೇ ಬದಲಾಗುತ್ತಿರುತ್ತದೆ.

ಹಾಗಾಗಿ ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಮೊದಲೇ ಕೇಳಿ, "ಬೆಲ್ಟ್ ಬಿಚ್ಚಿ ಚೆಕ್ ಮಾಡೋಕ ಎಷ್ಟು ತಗೋತೀರಿ ಭಾಯ್?" ಅಂತ. ಹೇಳಿದ್ದಕ್ಕೆ ಒಪ್ಪಿ. ತಪ್ಪು ಸಿಕ್ಕ ಮೇಲೆ ರಿಪೇರಿ ಬೇರೆ ಲೆಕ್ಕ. ಗ್ಯಾರೇಜ್ ನಡೆಸುವ ಅಣ್ಣತಮ್ಮಂದಿರಿಗೂ ಒಂದು ಕೋರಿಕೆ: ಚೆಕ್ಕಿಂಗ್ ಚಾರ್ಜ್ ಇಷ್ಟು ಅಂತ ಬೋರ್ಡಿನ ಮೇಲೆ ಬರೆಯಿರಿ, ನಾಚಿಕೊಳ್ಳಬೇಡಿ. ಬಿಚ್ಚಿದ ಹಳೇ ಪುಲ್ಲಿಯನ್ನು ಗಿರಾಕಿಯ ಕೈಗೆ ಕೊಟ್ಟು ಎರಡೂ ಕಡೆ ತಿರುಗಿಸಿ ತೋರಿಸಿ. ಹೊಸದು ಕೂರಿಸಿದ ಮೇಲೆ ಆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಮರೆಯದೆ ಹಾಕಿ, ಹಳೇದಲ್ಲ, ಹೊಸದೇ ಹಾಕಿ.