ಚಿಕ್ಕ ಹಾಲ್, ಗೋಡೆಯಲ್ಲೊಂದು ಫೈರ್‌ಪ್ಲೇಸ್

ಕೇಳುಗರಿಗೆ ನಮಸ್ಕಾರ.

ಚಿಕ್ಕ ಹಾಲ್‌ನಲ್ಲಿ ಫೈರ್‌ಪ್ಲೇಸ್, ಅಂದರೆ ಗೋಡೆಯಲ್ಲೇ ಬೆಂಕಿ ಹಾಕುವ ಗೂಡು, ಇದ್ದರೆ ನೋಡುವವರಿಗೆ ಖುಷಿ, ಸೋಫಾ ಇಡುವವರಿಗೆ ತಲೆನೋವು. ಒಂದು ಗೋಡೆಯ ನಡುಭಾಗವನ್ನು ಅದೇ ನುಂಗಿಬಿಡುತ್ತದೆ. ಇನ್ನೊಂದು ಗೋಡೆಯಲ್ಲಿ ಕಿಟಕಿ, ಮತ್ತೊಂದರಲ್ಲಿ ಬಾಗಿಲು. ಟಿವಿ ಎಲ್ಲಿಡೋದು, ಕಪಾಟು ಎಲ್ಲಿಡೋದು ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಎಲ್ಲವನ್ನೂ ಗೋಡೆಗೆ ಒತ್ತಿಟ್ಟು ಸುಮ್ಮನಾಗುತ್ತೇವೆ.

ನನ್ನನ್ನು ಕೇಳಿದರೆ, ಒಂದು ಕುರ್ಚಿಯನ್ನೂ ಎತ್ತುವ ಮೊದಲು ಒಂದು ವಿಷಯ ತೀರ್ಮಾನ ಆಗಬೇಕು. ಅದರಲ್ಲಿ ಬೆಂಕಿ ಹಾಕುತ್ತೀರಾ, ಇಲ್ಲವಾ? "ಯಾವಾಗಲಾದರೂ ಹಾಕಿದರೂ ಹಾಕಬಹುದು" ಅನ್ನುವುದೂ ಹಾಕುತ್ತೇವೆ ಅಂತಲೇ ಲೆಕ್ಕ. ಸೋಫಾದ ಜಾಗ, ಟಿವಿಯ ಜಾಗ, ಬಳಿಯುವ ಬಣ್ಣ, ಎಲ್ಲ ಈ ಉತ್ತರದ ಮೇಲೆ ನಿಂತಿದೆ.

ಹಾಕುತ್ತೀರಿ ಅಂತಿಟ್ಟುಕೊಳ್ಳೋಣ. ಆಗ ಬೆಂಕಿಗೂ ಬಟ್ಟೆ, ಮರ, ಕಾಗದದ ಯಾವುದೇ ಸಾಮಾನಿಗೂ ನಡುವೆ ಕನಿಷ್ಠ 1 ಮೀಟರ್ ಬೇಕು. ಪರದೆಗೂ ಇದೇ ಲೆಕ್ಕ, ಮೂಲೆಯಲ್ಲಿಟ್ಟ ಪತ್ರಿಕೆಗಳ ಕಟ್ಟಿಗೂ ಇದೇ ಲೆಕ್ಕ. 3 ಮೀಟರ್ ಅಗಲದ ಕೋಣೆಯಲ್ಲಿ ಮೂರನೇ ಒಂದು ಭಾಗ ಹೋಯಿತು ಅಂತಲೇ ಅರ್ಥ. ಹಾಗಾಗಿ ಇಂಥ ಕೋಣೆಯಲ್ಲಿ ಸೋಫಾವನ್ನು ಬೆಂಕಿಗೆ ಎದುರಾಗಿ ಇಡಲೇಬೇಕು ಅಂತ ಹಟ ಬೇಡ. ಅಡ್ಡಲಾಗಿ ಇಡಿ. ಸೋಫಾದ ಒಂದು ತುದಿ ಬೆಂಕಿಯ ಕಡೆಗಿರಲಿ, ಅದರ ಎದುರಿಗೆ ಒಂದು ಹಗುರ ಕುರ್ಚಿ. ಕೂತವರು ಒಬ್ಬರ ಮುಖ ಒಬ್ಬರು ನೋಡಬಹುದು, ತಲೆ ತಿರುಗಿಸಿದರೆ ಬೆಂಕಿಯೂ ಕಾಣುತ್ತದೆ.

ಶಾಖ ಎತ್ತ ಹೋಗುತ್ತದೆ ಅಂತ ತಿಳಿದಿದ್ದರೆ ಈ ಕೆಲಸ ಇನ್ನೂ ಸುಲಭ. ಕೌಂಟ್ ರಮ್‌ಫೋರ್ಡ್ ಅಂತ ಹೆಸರಾದ ವಿಜ್ಞಾನಿ ಬೆಂಜಮಿನ್ ಥಾಂಪ್ಸನ್ 1796ರಲ್ಲೇ ಇದರ ಬಗ್ಗೆ ಒಂದು ಪ್ರಬಂಧ ಬರೆದಿದ್ದರು. ಆಗಿನ ಫೈರ್‌ಪ್ಲೇಸ್‌ಗಳು ಆಳವಾಗಿ, ದೊಡ್ಡದಾಗಿ ಇರುತ್ತಿದ್ದವು. ಕೋಣೆಗೆ ಬರುತ್ತಿದ್ದುದು ಹೊಗೆಯೇ ಜಾಸ್ತಿ. ಅವರು ಗೂಡಿನ ಆಳ ಕಡಿಮೆ ಮಾಡಿಸಿ, ಎರಡೂ ಪಕ್ಕದ ಗೋಡೆಗಳನ್ನು ಓರೆ ಮಾಡಿಸಿದರು, ಚಿಮಣಿಯ ಗಂಟಲನ್ನು ಕಿರಿದು ಮಾಡಿಸಿದರು. ಓರೆ ಗೋಡೆಗೆ ಬಡಿದ ಶಾಖ ಮತ್ತೆ ಕೋಣೆಯ ಕಡೆಗೆ ತಿರುಗಿತು. ನಿಮ್ಮ ಗೂಡಿಗೊಮ್ಮೆ ಇಣುಕಿ ನೋಡಿ. ಪಕ್ಕದ ಗೋಡೆಗಳು ಓರೆಯಾಗಿ ಹೊರಗೆ ತೆರೆದುಕೊಂಡಿದ್ದರೆ, ಪಕ್ಕಕ್ಕೆ ಕೂತವರಿಗೂ ಬಿಸಿ ಸಿಗುತ್ತದೆ. ನೆಟ್ಟಗೆ ಪೆಟ್ಟಿಗೆಯ ಹಾಗಿದ್ದರೆ ಎದುರಿಗೆ ಕೂತವರಿಗಷ್ಟೇ.

ಇನ್ನೊಂದು ಸಂಗತಿ. ತೆರೆದ ಬೆಂಕಿ ಕೋಣೆಯ ಗಾಳಿಯನ್ನು ಎಳೆದುಕೊಂಡು ಚಿಮಣಿಯಲ್ಲಿ ಮೇಲಕ್ಕೆ ಕಳಿಸುತ್ತದೆ. ಆ ಗಾಳಿಯ ಜಾಗಕ್ಕೆ ಕಿಟಕಿಯ ಸಂದಿಯಿಂದ, ಬಾಗಿಲ ಕೆಳಗಿನಿಂದ ಹೊರಗಿನ ತಣ್ಣನೆ ಗಾಳಿ ನುಗ್ಗುತ್ತದೆ. ಕಿಟಕಿಗೂ ಬೆಂಕಿಗೂ ನಡುವೆ ಕುರ್ಚಿ ಹಾಕಿಕೊಂಡವರಿಗೆ ಮೊಣಕಾಲು ಸುಡುತ್ತದೆ, ಬೆನ್ನು ನಡುಗುತ್ತದೆ. ಆ ದಾರಿಯಿಂದ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಸಾಕು.

ಬೆಂಕಿ ಹಾಕುವುದೇ ಇಲ್ಲ ಅಂತಾದರೆ ಆ 1 ಮೀಟರ್ ನಿಮಗೆ ವಾಪಸ್ ಸಿಕ್ಕಿತು! ಕುರ್ಚಿಯನ್ನು ಹತ್ತಿರಕ್ಕೇ ಎಳೆದುಕೊಳ್ಳಿ. ಗೂಡಿನೊಳಗೆ ಪುಸ್ತಕ ಜೋಡಿಸುವ ಆಸೆ ಬಹಳ ಜನಕ್ಕೆ. ಅದಕ್ಕೆ ಮೊದಲು ಒಂದು ಹಳೆ ಪತ್ರಿಕೆಯ ಹಾಳೆ ಹಾಸಿ, ಒಂದು ವಾರ ಬಿಡಿ. ಮೇಲಿಂದ ಮಸಿ, ಕಡ್ಡಿ, ಮಳೆಹನಿ ಏನೇನು ಬಿದ್ದಿದೆ ಅಂತ ಆ ಹಾಳೆಯೇ ಹೇಳುತ್ತದೆ. ಹಾಗಂತ ಚಿಮಣಿಯನ್ನು ಗಾಳಿಯಾಡದ ಹಾಗೆ ಮುಚ್ಚಿಬಿಡಬೇಡಿ. ಒಳಗೆ ತೇವ ನಿಂತು ಗೋಡೆಯ ಮೇಲೆ ಕಲೆ ಏಳುತ್ತದೆ. ಮೇಲೆ ಮಳೆ ತಡೆಯುವ ಟೋಪಿ, ಕೆಳಗೆ ಗಾಳಿಗೊಂದು ಕಿಂಡಿ ಇರಲಿ.

ಇನ್ನು ಸಾಮಾನು. ಪತ್ರಿಕೆಗಳನ್ನು ಸೋಫಾದ ಅಳತೆಗೆ, ಟೀಪಾಯಿಯ ಅಳತೆಗೆ ಅಂಟಿಸಿ ನೆಲದ ಮೇಲೆ ಹರಡಿ. ಬಾಗಿಲು ಪೂರ್ತಿ ತೆಗೆದು ನೋಡಿ. ಕೈಯಲ್ಲೊಂದು ಟ್ರೇ ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯಿರಿ. ಎಲ್ಲಿ ಹಾಳೆ ತುಳಿದಿರೋ ಅಲ್ಲೇ ಮುಂದೆ ಮೊಣಕಾಲಿಗೆ ಏಟು. ನಡೆಯುವ ದಾರಿಗೆ 75ರಿಂದ 90 ಸೆಂಟಿಮೀಟರ್ ಬೇಕು. ಸೋಫಾಕ್ಕೂ ಟೀಪಾಯಿಗೂ ನಡುವೆ 40-45 ಸಾಕು, ಕೂತಲ್ಲಿಂದಲೇ ಲೋಟ ಕೈಗೆ ಸಿಗುತ್ತದೆ. ಕಾಲುಗಳ ಮೇಲೆ ಎತ್ತರವಾಗಿ ನಿಂತ ಸೋಫಾ ಆರಿಸಿ. ಅಡಿಯಲ್ಲಿ ನೆಲ ಕಂಡಷ್ಟೂ ಕೋಣೆ ದೊಡ್ಡದಾಗಿ ಕಾಣುತ್ತದೆ.

ಟಿವಿಯನ್ನು ಫೈರ್‌ಪ್ಲೇಸ್ ಮೇಲೆ ತೂಗುಹಾಕುವುದು ಈಗ ಎಲ್ಲ ಕಡೆ ಕಾಣುತ್ತದೆ. ನನಗಂತೂ ಹಿಡಿಸುವುದಿಲ್ಲ. ಕತ್ತೆತ್ತಿ ಎತ್ತಿ ನೋಡಬೇಕು, ಮೇಲಾಗಿ ಕೆಳಗಿನ ಬಿಸಿ ಬೇರೆ. ಹೆಚ್ಚಿನ ಟಿವಿಗಳ ಕೈಪಿಡಿಯಲ್ಲಿ 40 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಇರುವಲ್ಲಿ ಬಳಸಬೇಡಿ ಅಂತಲೇ ಇರುತ್ತದೆ. ಚಿಮಣಿಯ ಗೋಡೆ ಮುಂದಕ್ಕೆ ಉಬ್ಬಿಕೊಂಡಿದ್ದರೆ ಅದರ ಎರಡೂ ಪಕ್ಕ ಒಳಸರಿದ ಜಾಗ ಇರುತ್ತದೆ, ಅಲ್ವಾ? ಚಿಕ್ಕ ಮನೆಯಲ್ಲಿ ನಿಜವಾದ ಆಸ್ತಿ ಅದು. ಬೆಂಕಿ ಹಾಕುವವರಾದರೆ ಆ 1 ಮೀಟರ್ ಲೆಕ್ಕ ಮರೆಯದೆ, ಒಂದು ಕಡೆ ಕಪಾಟು ಮಾಡಿಸಿ. ಇನ್ನೊಂದು ಕಡೆ ಗಿಡ್ಡ ಬೀರು, ಅದರ ಮೇಲೆ ಟಿವಿ. ಬೆಂಕಿ, ಟಿವಿ ಎರಡೂ ಒಂದೇ ದಿಕ್ಕಿನಲ್ಲಿ ಇರುವುದರಿಂದ ಒಂದೇ ಸೋಫಾ ಎರಡಕ್ಕೂ ಆಗುತ್ತದೆ.

ಫೈರ್‌ಪ್ಲೇಸ್‌ಗೆ ಹೊಸ ಕಳೆ ತರಬೇಕು ಅಂದಕೂಡಲೇ ಬಣ್ಣದ ಡಬ್ಬಿ ತರಬೇಡಿ. ಮೊದಲು ತೊಳೆಯಿರಿ. ಅರ್ಧಕ್ಕರ್ಧ ಸಲ ಅಷ್ಟೇ ಸಾಕಾಗುತ್ತದೆ. ಮಸಿಯಲ್ಲಿ ಜಿಡ್ಡು ಇರುತ್ತದೆ. ಒಮ್ಮೆಲೇ ನೀರು ಹಾಕಿದರೆ ಅದು ಇಟ್ಟಿಗೆಯ ಸಣ್ಣ ಸಣ್ಣ ತೂತುಗಳಿಗೆ ಇಳಿದು ಕೂತುಬಿಡುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿ. ಆಮೇಲೆ ಸೋಪಿನ ನೀರು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿಂದ ಶುರು ಮಾಡಿದರೆ ಕೊಳೆ ನೀರು ಒಣ ಇಟ್ಟಿಗೆಯ ಮೇಲೆ ಹರಿದು ಗೆರೆ ಬೀಳುತ್ತದೆ.

ತೊಳೆದ ಮೇಲೂ ಸಮಾಧಾನ ಇಲ್ಲವಾದರೆ ನನ್ನ ಓಟು ಸುಣ್ಣಕ್ಕೆ. ಪೇಂಟ್ ಒಮ್ಮೆ ಇಟ್ಟಿಗೆಗೆ ಹಿಡಿದರೆ ತೆಗೆಯುವುದು ಹೆಚ್ಚುಕಡಿಮೆ ಆಗದ ಮಾತು. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಇಟ್ಟಿಗೆಯನ್ನು ಒದ್ದೆ ಮಾಡಿಕೊಂಡು ತೆಳ್ಳಗೆ ಬಳಿಯಿರಿ. ಬಳಿದಾಗ ನೀರಿನ ಹಾಗೆ ಪಾರದರ್ಶಕವಾಗಿ ಕಾಣುತ್ತದೆ, ಏನೂ ಹಿಡಿದಿಲ್ಲ ಅನ್ನಿಸುತ್ತದೆ. ಒಣಗುತ್ತಾ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬೆಳ್ಳಗಾಗುತ್ತದೆ. ಅವಸರಪಟ್ಟು ದಪ್ಪಗೆ ಬಳಿದರೆ ಆಮೇಲೆ ಹಕ್ಕಳೆ ಏಳುತ್ತದೆ. ಮೊದಲೇ ಪೇಂಟ್ ಆಗಿರುವ ಇಟ್ಟಿಗೆಗೆ ಮಾತ್ರ ಸುಣ್ಣ ಹಿಡಿಯುವುದಿಲ್ಲ. ಆ ಪೇಂಟ್ ತುಂಬಾ ಹಳೆಯದಾದರೆ ಅದರಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡಿಸದೆ ಒಣಗಿದ್ದನ್ನು ಉಜ್ಜಬೇಡಿ.

ಬಣ್ಣ ಯಾವುದು? ಚಿಕ್ಕ ಕೋಣೆಗೆ ಗೋಡೆಯ ಬಣ್ಣವೇ ಒಳ್ಳೆಯದು. ಇಡೀ ಫೈರ್‌ಪ್ಲೇಸ್ ಗೋಡೆಯೊಳಗೆ ಸರಿದ ಹಾಗೆ ಕಾಣುತ್ತದೆ. ಮೇಲೆ ಕನ್ನಡಿ ಹಾಕುವುದಾದರೆ ಎದುರಿಗೆ ಏನಿದೆ ಅಂತ ನೋಡಿ ಹಾಕಿ. ಕಿಟಕಿ ಇದ್ದರೆ ಬೆಳಕು ಎರಡಾಗುತ್ತದೆ, ರಾಶಿ ಬಟ್ಟೆ ಇದ್ದರೆ ರಾಶಿಯೂ ಎರಡಾಗುತ್ತದೆ.

ಬೆಂಕಿ ಹಾಕುವವರಿಗೆ ಇನ್ನು ಸ್ವಲ್ಪ. ವರ್ಷಕ್ಕೊಮ್ಮೆ ಚಿಮಣಿ ನೋಡಿಸಿ, ಒಳಗೆ ಅಂಟಿಕೊಂಡ ಮಸಿಗೂ ಬೆಂಕಿ ಹತ್ತುತ್ತದೆ. ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಾಸನೆಯಿಲ್ಲದ ವಿಷಾನಿಲ ಪತ್ತೆ ಮಾಡುವ ಅಲಾರಂ ಇರಲಿ. ಬೂದಿ ಮುಚ್ಚಿದ ಕೆಂಡ ಎರಡು ಮೂರು ದಿನವೂ ಜೀವ ಹಿಡಿದಿರುತ್ತದೆ, ಹಾಗಾಗಿ ಬೂದಿಗೆ ಮುಚ್ಚಳ ಇರುವ ಲೋಹದ ಬಕೆಟ್ಟೇ ಬೇಕು, ಅದನ್ನೂ ಮನೆಯಿಂದ ಹೊರಗಿಡಿ. ಗೂಡಿನ ಒಳಗೋಡೆಗೆ ಮಾಮೂಲಿ ಪೇಂಟ್ ಬೇಡ. ಸುಮಾರು 650 ಡಿಗ್ರಿ ಸೆಲ್ಸಿಯಸ್ ತಡೆಯುವ ಪೇಂಟ್ ಬರುತ್ತದೆ, ಅದನ್ನೇ ಕೇಳಿ ತನ್ನಿ. ಡಬ್ಬಿಯ ಮೇಲೆ ಬರೆದಷ್ಟು ದಿನ ಒಣಗಲು ಬಿಡಿ. ಮೊದಲ ಸಲ ಬೆಂಕಿ ಹೊತ್ತಿಸಿದಾಗ ಆ ಪೇಂಟ್‌ನಿಂದ ಒಂದಿಷ್ಟು ವಾಸನೆ ಬರುತ್ತದೆ. ಅವತ್ತು ಚಿಕ್ಕದಾಗಿ ಉರಿಸಿ, ಕಿಟಕಿ ತೆಗೆದಿಡಿ.

ನಮಸ್ಕಾರ.