ಒಂದು ಬಸಿ ಹಾಲು

ಎಲ್ಲರಿಗೂ ನಮಸ್ಕಾರ. ಮಕ್ಕಳ ಚಿತ್ರಕಥೆ ಬರೆಯುವವರು, ಬಿಡಿಸುವವರು ಇಷ್ಟು ಜನ ಒಂದೇ ಕಡೆ ಕೂತಿರೋದನ್ನು ನಾನು ನೋಡಿದ್ದು ಇದೇ ಮೊದಲು. ನನಗೆ 20 ನಿಮಿಷ ಕೊಟ್ಟಿದ್ದಾರೆ. ಹಳೇ ಜಗಳ ಒಂದಿದೆ. ಅದನ್ನೇ ಇಲ್ಲೂ ತೆಗೆಯುತ್ತೇನೆ.

ಪತ್ತೇದಾರಿ ಕಥೆಯನ್ನು ಚಿತ್ರಕ್ಕೆ ಇಳಿಸುವಾಗ ನಾವು ಕಥೆಯನ್ನು ಉಳಿಸಿಕೊಳ್ಳುತ್ತೇವೆ, ಪತ್ತೆ ಮಾಡುವ ಕೆಲಸವನ್ನು ಮಾತ್ರ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತೇವೆ. ಇದೇ ನನ್ನ ತಕರಾರು.

ಶೆರ್ಲಾಕ್ ಹೋಮ್ಸ್‌ನ 'ಸ್ಪೆಕಲ್ಡ್ ಬ್ಯಾಂಡ್' ಕಥೆಯನ್ನೇ ತಗೊಳ್ಳಿ. 1892ರ ಫೆಬ್ರವರಿಯಲ್ಲಿ ಸ್ಟ್ರ್ಯಾಂಡ್ ಮ್ಯಾಗಜೀನ್‌ನಲ್ಲಿ ಬಂದದ್ದು. ಓದದವರು ಯಾರಾದರೂ ಇದ್ದರೆ ಕಿವಿ ಮುಚ್ಚಿಕೊಳ್ಳಿ. 130 ವರ್ಷದ ಮೇಲಾಯಿತು, ಇನ್ನು ನನ್ನಿಂದ ಗುಟ್ಟು ಇಟ್ಟುಕೊಳ್ಳೋಕಾಗಲ್ಲ.

ಹೆಲೆನ್ ಅನ್ನೋ ಹುಡುಗಿಯ ಅವಳಿ ಸೋದರಿ ಮಲತಂದೆಯ ಮನೆಯಲ್ಲಿ ಒಂದು ರಾತ್ರಿ ಹೇಗೋ ಸತ್ತಿದ್ದಾಳೆ, ಈಗ ಹೆಲೆನ್ ಹೆದರಿ ಹೋಮ್ಸ್ ಹತ್ತಿರ ಬಂದಿದ್ದಾಳೆ. ಹೋಮ್ಸ್ ಆ ಮನೆಯಲ್ಲಿ ಏನೇನು ನೋಡುತ್ತಾನೆ? ನೆಲಕ್ಕೆ ಬಿಗಿದಿಟ್ಟ ಮಂಚ. ಎಳೆದರೂ ಬಾರಿಸದ ಗಂಟೆ ಹಗ್ಗ. ಹೊರಗಿನ ಗಾಳಿಗಲ್ಲ, ಪಕ್ಕದ ಕೋಣೆಗೆ ತೆರೆದ ಗವಾಕ್ಷಿ. ಆ ಪಕ್ಕದ ಕೋಣೆಯಲ್ಲಿ ಒಂದು ಕಬ್ಬಿಣದ ತಿಜೋರಿ, ಅದರ ಮೇಲೆ ಒಂದು ಬಸಿ ಹಾಲು. ಲಂಡನ್ನಿನ ಓದುಗರಿಗೆ ಹಾಲು ಅಂದ ಕೂಡಲೇ ನೆನಪಾಗೋದು ಬೆಕ್ಕು. ಆ ಮನೆಯಲ್ಲಿ ಬೆಕ್ಕಿಲ್ಲ, ಚೀತಾ ಇದೆ. ಕಥೆ ಬರೆದ ಆರ್ಥರ್ ಕಾನನ್ ಡಾಯ್ಲ್ ಹೂಡಿದ ಆಟ ಅದು. ಜೊತೆಗೆ ಒಂದು ಬಬೂನ್ ಕೋತಿ ಬೇರೆ ತೋಟದಲ್ಲಿ ಓಡಾಡಿಕೊಂಡಿರುತ್ತೆ.

ಕೆಲವು ವರ್ಷಗಳ ಹಿಂದೆ ನಾನು, ನನ್ನ ಕಲಾವಿದ ಗೆಳೆಯ ಸೇರಿ ಇದನ್ನು 48 ಪುಟದ ಚಿತ್ರಕಥೆ ಮಾಡಿದೆವು. ಕರಡನ್ನು ಅಕ್ಕನ ಮಗಳಿಗೆ ಕೊಟ್ಟೆ. ಹತ್ತು ವರ್ಷದವಳು. ಅಡುಗೆಮನೆ ಕಟ್ಟೆ ಮೇಲೆ ಕೂತು, ಒಂದು ಕೈಯಲ್ಲಿ ಚುರುಮುರಿ, ಇನ್ನೊಂದು ಕೈಯಲ್ಲಿ ನಮ್ಮ ಎಂಟು ತಿಂಗಳ ಕೆಲಸ. ಪುಟಕ್ಕೆಲ್ಲ ಎಣ್ಣೆ. ನಾನು ಬಾಗಿಲ ಹತ್ತಿರ ನಿಂತು ಅವಳ ಮುಖವನ್ನೇ ನೋಡುತ್ತಿದ್ದೆ. 27ನೇ ಪುಟಕ್ಕೆ ಬಂದಳು. ಬಸಿ ನೋಡಿದಳು.

"ಮಾಮಾ, ಹಾವು."

"ಎಲ್ಲಮ್ಮಾ ಹಾವು?"

"ಹಾಲಿಟ್ಟಿದಾರಲ್ಲ. ಹಾವಿಗೇ ತಾನೇ?"

ಒಲೆ ಮುಂದಿದ್ದ ನಮ್ಮಮ್ಮ ತಿರುಗಿ, "ಹಾವಿಗೆ ಯಾರಾದ್ರೂ ತಿಜೋರಿ ಮೇಲೆ ಹಾಲಿಡ್ತಾರೇನೋ? ಹುತ್ತಕ್ಕೆ ಎರೀಬೇಕು" ಅಂದರು.

ನೋಡಿ, ನಾಗರ ಪಂಚಮಿ ಮಾಡುವ ಮನೆಯ ಮಗುವಿಗೆ ಇದು ಸುಳಿವೇ ಅಲ್ಲ, ಉತ್ತರ! ಮಲತಂದೆ ಆ ಗವಾಕ್ಷಿಯಿಂದ ಬಿಡುವ ಹಾವೇ ಕೊಲೆಗಾರ. ಅಲ್ಲಿಂದ ಮುಂದಿನ 21 ಪುಟ ಅವಳು ಚುರುಮುರಿಗಾಗಿ ಕೂತಳೇ ಹೊರತು ಹೋಮ್ಸ್‌ಗಾಗಿ ಅಲ್ಲ. (ಹಾವು ಹಾಲಿಗಾಗಿ ಹಾತೊರೆಯೋದಿಲ್ಲ ಅನ್ನೋದು ಬೇರೆ ಮಾತು. ಡಾಯ್ಲ್ ಬರೆದ 'ಸ್ವಾಂಪ್ ಆ್ಯಡರ್' ಅನ್ನೋ ಹಾವು ಭಾರತದಲ್ಲಿ ಇಲ್ಲವೇ ಇಲ್ಲ. ಆ ವಿಷಯಕ್ಕೆ ಇಳಿದರೆ ನಾವು ಊಟಕ್ಕೆ ಹೋಗೋಕಾಗಲ್ಲ.)

ಏನು ಮಾಡೋದು? ಗೆಳೆಯ ಬಸಿ ತೆಗೆದುಬಿಡೋಣ ಅಂದ. ನಾನು ಬೇಡ ಅಂದೆ. ಹೋಮ್ಸ್‌ಗೆ ಕಂಡದ್ದು ಮಗುವಿಗೂ ಕಾಣಬೇಕು. ಇಲ್ಲದಿದ್ದರೆ ಅದು ಮೋಸ. ಬರಹದಲ್ಲಿ ಲೇಖಕ ಅರ್ಧ ವಾಕ್ಯದಲ್ಲಿ ಸುಳಿವು ಎಸೆದು ಮುಂದೆ ಹೋಗಿಬಿಡಬಹುದು. ಚಿತ್ರದಲ್ಲಿ ಇಡೀ ಪುಟ ಒಂದೇ ಸಲ ಕಣ್ಣಿಗೆ ಬೀಳುತ್ತೆ. ಕೊನೆಗೆ ಬಸಿಗೆಂದೇ ಬಿಡಿಸಿದ್ದ ದೊಡ್ಡ ಚೌಕವನ್ನು ತೆಗೆದೆವು. ಪುಸ್ತಕದ ಕಪಾಟು, ಕುರ್ಚಿ, ಮೇಜಿನ ನಡುವೆ ಅದೂ ಒಂದು ಸಾಮಾನಾಯಿತು. ಹಿಂದಿನ ಪುಟದಲ್ಲಿ ಚೀತಾವನ್ನು ಪುಟದ ತುಂಬ ಮಲಗಿಸಿದೆವು. ಎಲ್ಲವೂ ಇದೆ, ಯಾವುದಕ್ಕೂ ಬೆರಳು ತೋರಿಸಿಲ್ಲ. ಆಮೇಲೆ ಓದಿದ ಮಕ್ಕಳಲ್ಲಿ ಜಾಸ್ತಿ ಜನ ಚೀತಾ ಮೇಲೇ ಅನುಮಾನ ಪಟ್ಟರು.

ಅಷ್ಟೆಲ್ಲ ಮಾಡಿದ ಮೇಲೆ ಪ್ರಕಾಶಕರು ಮುಖಪುಟದಲ್ಲಿ ಹೆಡೆ ಎತ್ತಿದ ಹಾವು ಹಾಕಿಸಿದರು. "ಹಾವಿದ್ರೆ ಪುಸ್ತಕ ಖರ್ಚಾಗುತ್ತೆ ಸಾರ್." ಖರ್ಚೂ ಆಯಿತು, ಏನು ಹೇಳಲಿ!

ಎರಡನೇ ಮಾತು, ವಾಟ್ಸನ್. ಹೋಮ್ಸ್‌ನ ಗೆಳೆಯ, ನಮಗೆ ಕಥೆ ಹೇಳುವವನು. ಅವನು ನೋಡಿದ್ದನ್ನು ಮಾತ್ರ ಬಿಡಿಸಿ. ಕೊನೆಯ ರಾತ್ರಿ ಇಬ್ಬರೂ ದೀಪ ಆರಿಸಿ ಕತ್ತಲಲ್ಲಿ ಕೂತಿರುತ್ತಾರೆ. ಗಡಿಯಾರ ಹನ್ನೆರಡು, ಒಂದು, ಎರಡು, ಮೂರು ಹೊಡೆಯುತ್ತೆ. ಕೆಟಲಿನಿಂದ ಆವಿ ಬಂದ ಹಾಗೆ ಒಂದು ಸಣ್ಣ ಸದ್ದು. ಹೋಮ್ಸ್ ಕಡ್ಡಿ ಗೀರಿ ಹಗ್ಗಕ್ಕೆ ಬೆತ್ತದಿಂದ ಬಾರಿಸುತ್ತಾನೆ. ಯಾವುದಕ್ಕೆ ಬಾರಿಸಿದ ಅಂತ ವಾಟ್ಸನ್‌ಗೆ ಕಾಣಿಸಲ್ಲ. ಅವನಿಗೆ ಕಾಣದ್ದನ್ನು ನಾವು ಮಗುವಿಗೆ ಯಾಕೆ ತೋರಿಸಬೇಕು? ನಾನು ಎರಡು ಪುಟ ಪೂರ್ತಿ ಕಪ್ಪು ಕೇಳಿದೆ, ಗಂಟೆಯ ಸದ್ದು ಮಾತ್ರ ಬಿಳಿಯಲ್ಲಿ. ಶಾಯಿ ಖರ್ಚು ಅಂತ ಪ್ರಕಾಶಕರು ಒಂದು ಪುಟಕ್ಕೆ ಮಾತ್ರ ಒಪ್ಪಿದರು. ಅಕ್ಷರ ಬರೆಯುವ ಹುಡುಗ ಆ ಕೆಟಲ್ ಸದ್ದಿಗೆ 'ಬುಸ್' ಅಂತ ಬರೆದಿದ್ದ. ಮತ್ತೆ ಹಾವು! ಅಳಿಸಿ 'ಸೂ' ಮಾಡಿಸಿದೆ.

ಟೋಪಿ ವಿಷಯ ಹೇಳಲೇಬೇಕು, ಬೇಗ ಮುಗಿಸುತ್ತೇನೆ. ಹೋಮ್ಸ್‌ನ ಕಿವಿ ಮುಚ್ಚುವ ಬೇಟೆ ಟೋಪಿಯ 'ಡೀರ್‌ಸ್ಟಾಕರ್' ಅನ್ನೋ ಹೆಸರು ಡಾಯ್ಲ್ ಬರವಣಿಗೆಯಲ್ಲಿ ಎಲ್ಲೂ ಇಲ್ಲ. ಒಂದು ಕಥೆಯಲ್ಲಿ ಅವರು ಸುಮ್ನೆ ಬಟ್ಟೆ ಟೋಪಿ ಅಂತ ಬರೆದರು. 1891ರಲ್ಲಿ ಸಿಡ್ನಿ ಪ್ಯಾಜೆಟ್ ಅದನ್ನು ಹೀಗೆ ಬಿಡಿಸಿದರು, ಇವತ್ತಿಗೂ ಇಳಿದಿಲ್ಲ. ಚಿತ್ರ ಬಿಡಿಸುವವರಿಗೆ ಅಷ್ಟು ಅಧಿಕಾರ ಇದೆ. ಅದಕ್ಕೇ ಹೆದರಿಕೆ ನನಗೆ.

ಚೀಟಿ ಬಂತು. ಐದು ನಿಮಿಷ ಅಂತೆ.

ಮೂರನೆಯದು, ಮಕ್ಕಳಿಗೆ ಅಂತ ಕಥೆಯ ಹಲ್ಲು ಕೀಳಬೇಡಿ. ಹೆಲೆನ್ ಮಣಿಕಟ್ಟಿನ ಮೇಲೆ ಐದು ಕಲೆಗಳಿವೆ, ನಾಲ್ಕು ಬೆರಳು, ಒಂದು ಹೆಬ್ಬೆರಳು. ಮಲತಂದೆ ಹಿಡಿದ ಗುರುತು. ತೆಗೆಯಿರಿ ಅಂದವರಿದ್ದರು. ನಾವು ಮಾತಿಲ್ಲದ ಒಂದೇ ಚೌಕದಲ್ಲಿ ಅದನ್ನು ಉಳಿಸಿಕೊಂಡೆವು. ಅಕ್ಕನ ಮಗಳು ಆ ಚೌಕದ ಮೇಲೆ ತನ್ನ ಬೆರಳು ಇಟ್ಟು ಅಳತೆ ನೋಡಿದಳು. ಏನೂ ಕೇಳಲಿಲ್ಲ.

'ಬ್ಯಾಂಡ್' ಪದದ ಕಷ್ಟ ಇನ್ನೊಂದು. ಇಂಗ್ಲಿಷಿನಲ್ಲಿ ಪಟ್ಟಿಯೂ ಹೌದು, ಗುಂಪೂ ಹೌದು. ಹುಡುಗಿ ಸಾಯುವಾಗ ಹೇಳಿದ್ದು ಪಟ್ಟಿಯನ್ನೋ, ಮನೆ ಹತ್ತಿರ ಬೀಡುಬಿಟ್ಟ ಅಲೆಮಾರಿಗಳ ಗುಂಪನ್ನೋ? ಕಥೆ ನಿಂತಿರೋದೇ ಆ ಗೊಂದಲದ ಮೇಲೆ. ನಮ್ಮಲ್ಲಿ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆ. ಸಾಯುವ ಹುಡುಗಿ "ಚುಕ್ಕೆ ಬ್ಯಾಂಡ್" ಅಂದರೆ ಮಕ್ಕಳು ನಗುತ್ತಾರೆ. ನಾವು 'ಪಟ್ಟಿ' ಅಂತ ಇಟ್ಟು, ಪಟ್ಟಿ ಬಟ್ಟೆ ತಲೆಗೆ ಕಟ್ಟಿದ ಅಲೆಮಾರಿಗಳನ್ನು ಮೊದಲೇ ಒಂದು ಚಿತ್ರದಲ್ಲಿ ತಂದೆವು. ಪೂರ್ತಿ ಸಮಾಧಾನ ಇಲ್ಲ.

ಕಾಪಿರೈಟ್ ವಿಷಯ: ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಡಾಯ್ಲ್ ಹೋದದ್ದು 1930ರಲ್ಲಿ, ತೊಂದರೆ ಇಲ್ಲ. ಅಗಾಥಾ ಕ್ರಿಸ್ಟಿ 1976, ಅನುಮತಿ ಬೇಕು. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಮಾತಿನ ಗುಳ್ಳೆಯನ್ನು ದೊಡ್ಡದಾಗೇ ಬಿಡಿಸಿ. ಇನ್ನುಳಿದದ್ದನ್ನು ಊಟದ ಹೊತ್ತಿಗೆ ಕೇಳಿ.

ಕೊನೆಯ ಸ್ಲೈಡ್ ಹಾಕಿ. ಅಯ್ಯೋ, ಯಾರೂ ಏಳಬೇಡಿ, ಪ್ರೊಜೆಕ್ಟರ್ ಕೆಟ್ಟಿಲ್ಲ. ಅವರು ಒಪ್ಪದ ಆ ಎರಡನೇ ಪುಟ ಇದೇ.