ಭದ್ರಾವತಿಯ ಅಲೆ, ಮಲೆನಾಡಿನ ಕಣಿವೆ

ಕೇಳುಗರೆಲ್ಲರಿಗೂ ನಮಸ್ಕಾರ.

1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದರು. 1950ರಲ್ಲಿ ಧಾರವಾಡ ಕೇಂದ್ರವೂ 1955ರಲ್ಲಿ ಬೆಂಗಳೂರು ಕೇಂದ್ರವೂ ಬಂದವು. ಮಲೆನಾಡಿಗೆ ತನ್ನದೆನ್ನುವ ಬಾನುಲಿ ದೊರೆತದ್ದು 1965ರಲ್ಲಿ, ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಿಂದ ಅದಾಗಲೇ ಹೆಸರಾಗಿದ್ದ ಭದ್ರಾವತಿಯಲ್ಲಿ.

ಈ ಕೇಂದ್ರದ ಮಧ್ಯಮ ತರಂಗದ ಕಂಪನಾಂಕ 675 ಕಿಲೋಹರ್ಟ್ಸ್. ಅಂದರೆ ಒಂದೊಂದು ಅಲೆಯ ಉದ್ದ ಸುಮಾರು 444 ಮೀಟರ್. ಇಷ್ಟು ಉದ್ದದ ಅಲೆ ನೆಲವನ್ನು ಅನುಸರಿಸಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಬಾಗಿ ಆಚೆಗಿಳಿಯುತ್ತದೆ. ಎಫ್‌ಎಂ ಅಲೆಯ ಉದ್ದವಾದರೋ ಮೂರು ಮೀಟರಿನಷ್ಟು ಮಾತ್ರ. ಅದರ ಧ್ವನಿ ನಿಚ್ಚಳ, ಆದರೆ ಗುಡ್ಡದ ಮರೆಯಲ್ಲಿ ಅದು ಬಹುಬೇಗ ಕ್ಷೀಣಿಸುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿಮನೆಗಳಿರುವುದು ಬಹುಪಾಲು ಇಂಥ ಮರೆಯಲ್ಲಿಯೇ. ಸಿಡಿಲಿನ ಹೊತ್ತಿನಲ್ಲಿ ಮಧ್ಯಮ ತರಂಗ ಗರಗರ ಎನ್ನುವುದು ನಿಜ. ಆದರೂ ಆ ಗದ್ದಲದ ನಡುವೆ ಮಾತು ತಲುಪುತ್ತಿತ್ತು.

ತಲುಪಿದ ಆ ಮಾತಿನ ಬೆಲೆಯನ್ನು ಅಡಿಕೆ ಬೆಳೆಗಾರರು ಬಲ್ಲರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ, ಅಡಿಕೆಯ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ. ಕಷ್ಟವಿರುವುದು ಕಾಲ ನೋಡುವುದರಲ್ಲಿ. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಸುಮಾರು ನಲವತ್ತು ದಿನಗಳ ಅನಂತರ ಮಳೆ ಬಿಡುವು ಕೊಟ್ಟು ಹೊಳವಾದಾಗ ಮತ್ತೊಮ್ಮೆ ಔಷಧಿ ಹೊಡೆಯಬೇಕು. ಆ ಹೊಳವು ತಪ್ಪಿದರೆ ಕೊಳೆರೋಗ ತೋಟವನ್ನೆಲ್ಲ ಹಬ್ಬುತ್ತದೆ. ಕರೆಂಟಿಲ್ಲದೆ ಹೊರಜಗತ್ತಿನ ಸಂಪರ್ಕವೇ ಕಡಿದುಹೋಗುತ್ತಿದ್ದ ದಿನಗಳಲ್ಲಿ ಹವಾಮಾನ ವರ್ತಮಾನವನ್ನೂ ಕೃಷಿ ಸಲಹೆಯನ್ನೂ ಸೆಲ್ಲಿನ ಟ್ರಾನ್ಸಿಸ್ಟರ್ ಒಂದೇ ತರುತ್ತಿತ್ತು. ಕಾರ್ಯಕ್ರಮ ಕೇಳಿಯೇ, ಮರವೇರಿ ಔಷಧಿ ಹೊಡೆಯುವ ಕೊನೆಗಾರನಿಗೆ ಹೇಳಿಕಳುಹಿಸುತ್ತಿದ್ದ ಮನೆಗಳಿದ್ದವು.

ಕೃಷಿಯ ಜೊತೆಗೆ ಗಮಕ, ಯಕ್ಷಗಾನದ ಹಾಡುಗಾರಿಕೆ, ಜನಪದ ಗೀತೆಗಳಿಗೂ ಬಾನುಲಿ ಬಾಗಿಲು ತೆರೆಯಿತು. ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಕೇವಲ ಕಂಠದಿಂದ ಕಾವ್ಯವನ್ನು ಕಣ್ಣೆದುರು ನಿಲ್ಲಿಸುವ ಆ ಕಲೆಗೆ ಬಾನುಲಿಗಿಂತ ಒಪ್ಪುವ ವೇದಿಕೆ ಬೇರೊಂದಿಲ್ಲವೆಂದೇ ನನ್ನ ಭಾವನೆ.

ಈಗ ಆಕಾಶವಾಣಿ ಎಫ್‌ಎಂನಲ್ಲೂ ಮೊಬೈಲಿನಲ್ಲೂ ಸಿಗುತ್ತದೆಯಾದ್ದರಿಂದ ಮಧ್ಯಮ ತರಂಗದ ಕಾಲ ಮುಗಿಯಿತೆಂಬ ವಾದ ದೇಶದೆಲ್ಲೆಡೆ ಕೇಳಿಬರುತ್ತಿದೆ. ಬಯಲುಸೀಮೆಗೆ ಈ ವಾದ ಒಪ್ಪಬಹುದು. ಆದರೆ ಆಷಾಢದ ಗಾಳಿಮಳೆಗೆ ವಿದ್ಯುತ್ ಹೋಗಿ, ಅದರ ಹಿಂದೆಯೇ ಮೊಬೈಲ್ ಗೋಪುರವೂ ಸ್ತಬ್ಧವಾಗುವ ಊರುಗಳಲ್ಲಿ ನಿಂತು, ಆ ಹೊತ್ತಿನಲ್ಲಿ ಯಾವ ಅಲೆ ಮನೆಯೊಳಗೆ ಬರುತ್ತದೆಂದು ಅಳೆದು ನೋಡಿದ ಮೇಲೆಯೇ ಮಲೆನಾಡಿನ ಮಟ್ಟಿಗೆ ಈ ತೀರ್ಮಾನವಾಗಬೇಕು.